ಗೂಟ ಕಿತ್ತ ದಿನ

ಬೆಳಿಗ್ಗೆ ಹಿಟ್ಟಿನ ಗಿರಣಿಯ ಮೇಲೆ ಬೀಳುವ ದೊರೆಯ ನೆರಳು ಮಧ್ಯಾಹ್ನಕ್ಕೆ ಮಾಳದ ಬಯಲಿನ ನಡುವೆ ಬಂದು, ಸಂಜೆ ಮೀನು ಮಾರುಕಟ್ಟೆಯ ತಗಡಿನ ಮೇಲೆ ಹತ್ತಿ ಕೂರುತ್ತದೆ. ನಮ್ಮೂರ ಹೆಂಗಸರು ಆ ನೆರಳಿನ ಹಾದಿ ತಪ್ಪಿಸಿ ಸಂಡಿಗೆ ಒಣಹಾಕುತ್ತಾರೆ. ಮದುವೆ ಚಪ್ಪರದವರು ಮಾತ್ರ ಬೇಕೆಂದೇ ಅದೇ ಹಾದಿಯಲ್ಲಿ ಚಪ್ಪರ ಹಾಕುತ್ತಾರೆ. ಧಾರೆಯ ಹೊತ್ತಿಗೆ ಮದುಮಕ್ಕಳ ತಲೆಯ ಮೇಲೆ ದೊರೆಯ ನೆರಳು ಹಾದುಹೋದರೆ ಒಳ್ಳೆಯದಂತೆ. ನನ್ನ ಮದುವೆಯಲ್ಲಿ ಹಾದುಹೋಗಿತ್ತು. ಅದರ ಮಾತು ಈಗ ಬೇಡ.

ಕಿರೀಟ ತಲೆಗೆ ಬಂದ ಗಳಿಗೆಯಿಂದ ನಮ್ಮ ದೊರೆಗಳ ಕಾಲು ನೆಲ ಬಿಡುತ್ತದೆ. ಸೊಂಟದ ಚರ್ಮದ ಪಟ್ಟಿಗೆ ಹಗ್ಗ, ಹಗ್ಗಕ್ಕೆ ಗೂಟ, ಗೂಟಕ್ಕೆ ಮಾಳದ ಮಣ್ಣು. ಈಗಿನ ದೊರೆ ಮುದ್ದುರಾಜರು ಮೀಸೆ ಮೂಡುವ ವಯಸ್ಸಿನಲ್ಲಿ ಮೇಲೆ ಹೋದವರು, ಈಗ ಕನ್ನಡಕ ಬಂದಿದೆ. ಬುಟ್ಟಿಯಲ್ಲಿ ಊಟ ಹೋಗುತ್ತದೆ, ಪೇಪರು ಹೋಗುತ್ತದೆ. ಓದಿ ಮುಗಿಸಿದ ಪೇಪರನ್ನು ಅವರು ಹಾಳೆ ಹಾಳೆಯಾಗಿ ಕೆಳಗೆ ಬಿಡುತ್ತಾರೆ; ಸಿನಿಮಾ ಪುಟ ಯಾವ ಬೀದಿಗೆ ಬೀಳುತ್ತದೋ ಎಂದು ಹುಡುಗಿಯರು ಗಾಳಿ ನೋಡಿಕೊಂಡು ಓಡುತ್ತಾರೆ. ಮಾವಿನ ಓಟೆಯ ವಿಷಯದಲ್ಲಿ ಪುರಸಭೆಗೆ ದೂರು ಹೋಗಿದೆ.

ಪ್ರತಿ ಕೇರಿಗೂ ತನ್ನದೇ ಹಗ್ಗ. ನಮ್ಮ ನೇಕಾರರದು ರೇಷ್ಮೆ ಬೆರೆಸಿದ ನೂಲಿನದು. ಕುಂಬಾರರದು ಸೆಣಬು. ಗಾಣದವರ ಹುರಿ ಎಣ್ಣೆ ಕುಡಿದು ಕಪ್ಪಾಗಿದೆ. ಪಾತ್ರೆಗೆ ಕಲಾಯಿ ಹಾಕುವವರ ಕೇರಿಯದು ಹಸಿರು ದಾರ ಹೊಸೆದದ್ದು. ದೋಣಿಯಲ್ಲಿ ಬಂದು ಇಲ್ಲೇ ನಿಂತವರಿಗೆ ಎಲ್ಲರಿಗಿಂತ ಕೊನೆಯಲ್ಲಿ ಸಿಕ್ಕಿದ್ದು ನೀಲಿ ನೈಲಾನು, ಅದು ಸಿಕ್ಕ ದಿನ ಅವರು ಬೀದಿಯಲ್ಲಿ ಕುಣಿದಿದ್ದರು. ಪುರಭವನದ ಬಾಗಿಲ ಮೇಲೆ ‘ಹಗ್ಗ ಹಲವು, ದೊರೆ ಒಬ್ಬ’ ಎಂದು ಕೆತ್ತಿದೆ. ಹೊರದೇಶದವರು ಬಂದು, ಅದನ್ನು ಓದಿಸಿಕೊಂಡು, ತಲೆಯೆತ್ತಿ ನೋಡಿ, ಚಪ್ಪಾಳೆ ತಟ್ಟಿ ಹೋಗುತ್ತಾರೆ.

ಗಿರಣಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಪುಸ್ತಕ ಹಿಡಿದು ಕೂರುವ ನಮ್ಮ ಓದು ಬಳಗದವರು ಚಪ್ಪಾಳೆ ತಟ್ಟುವವರಲ್ಲ. ಒಬ್ಬರ ಕಾಲು ಇನ್ನೊಬ್ಬರ ತಲೆಯ ಮೇಲಿರಬಾರದು ಎಂಬುದು ನಮ್ಮ ಮೊದಲ ಪಾಠ. ನಾನು ಡಿಟಿಪಿ ಅಂಗಡಿಯವಳು, ಹೆಸರು ಪಾರ್ವತಿ, ಊರಿಗೆಲ್ಲ ಪಾರಕ್ಕ. ಹಗಲೆಲ್ಲ ಲಗ್ನಪತ್ರಿಕೆ ಜೋಡಿಸಿ, ಉಳಿದ ಹಾಳೆಯಲ್ಲಿ ‘ಹಗ್ಗ ಬಿಡಿ’ ಎಂಬ ಕರಪತ್ರ ಅಚ್ಚು ಹಾಕುತ್ತಿದ್ದೆ. ಹಾಳೆ ಲಗ್ನಪತ್ರಿಕೆಯದೇ ಆದ್ದರಿಂದ ನಮ್ಮ ಕ್ರಾಂತಿಯ ಮೂಲೆಯಲ್ಲೆಲ್ಲ ಗಣಪತಿಯಿರುತ್ತಿದ್ದ.

ಬಳಗಕ್ಕೆ ತಪ್ಪದೆ ಬಂದು ತಪ್ಪದೆ ಜಗಳವಾಡುವವಳು ಕೇತಮ್ಮ. ಲಗೇಜು ಆಟೋ ಓಡಿಸುತ್ತಾಳೆ. ಮಾಳದವರ ಪೈಕಿ. ಊರು ಹುಟ್ಟುವ ಮೊದಲೇ, ದೊರೆ ಎಂಬ ಮಾತು ಹುಟ್ಟುವ ಮೊದಲೇ ಇಲ್ಲಿದ್ದವರು ಅವರು. ಸತ್ತ ಪ್ರತಿಯೊಬ್ಬರಿಗೂ ಮಾಳದಲ್ಲಿ ಒಂದು ಕಲ್ಲು ನೆಡುತ್ತಿದ್ದರು. ಕಲ್ಲು ಮಣ್ಣಿನಲ್ಲಿ ಕೂತರೆ ಸತ್ತವರು ಕೂತ ಹಾಗೆ. ಅಲ್ಲಿಯವರೆಗೆ ಅವರು ನಿಂತೇ ಇರುತ್ತಾರೆ. ಆಮೇಲೆ ದೊರೆಗೆ ಗೂಟ ಹೊಡೆಯಲು ಗಟ್ಟಿ ನೆಲ ಬೇಕಾಯಿತು. ಕಲ್ಲು ಕಿತ್ತರು, ಗೂಟ ಹೊಡೆದರು, ಮಾಳದಲ್ಲಿ ಯಾರೂ ಒಂದು ಬೊಗಸೆ ಮಣ್ಣೂ ಅಗೆಯಕೂಡದು, ಗೂಟ ಸಡಿಲಾದೀತು ಎಂದು ಕಾನೂನು ಮಾಡಿದರು. ಅಂದಿನಿಂದ ಮಾಳದವರ ಕಲ್ಲುಗಳು ಅವರ ಕೇರಿಯ ಗೋಡೆಗೆ ಒರಗಿವೆ. ಕಳೆದ ಬೇಸಿಗೆಯಲ್ಲಿ ಕೇತಮ್ಮನ ತಾಯಿ ತೀರಿಕೊಂಡಾಗ ಗೋಡೆಯಲ್ಲೂ ಜಾಗವಿರಲಿಲ್ಲ. ತಾಯಿಯ ಕಲ್ಲನ್ನು ಆಟೋದ ಹಿಂದೆ ಇಟ್ಟುಕೊಂಡೇ ಬಾಡಿಗೆ ಹೊಡೆಯುತ್ತಿದ್ದಳು. ಈರುಳ್ಳಿ ಮೂಟೆ ಹೇರುವವರಿಗೆ, “ಹಿಂದೆ ನಮ್ಮವ್ವ ಅವ್ಳೆ, ವಸಿ ಜಾಗ ಬಿಟ್ಟು ಇಡಿ,” ಅನ್ನುವಳು. ಅವರೂ ಬಿಟ್ಟು ಇಡುವರು.

ಈ ವರ್ಷ ಗೂಟಗಳಿಗೆ ಗೆದ್ದಲು ಹಿಡಿಯಿತು. ತಲೆಮಾರಿಗೊಮ್ಮೆ ಹೀಗಾಗುತ್ತದೆ. ಹಳೆಯ ಗೂಟ ಕಿತ್ತು ಹೊಸದು ಹೊಡೆಯುವ ಮೊದಲು ಊರನ್ನು ಕೇಳಬೇಕು: ದೊರೆ ಬೇಕೋ, ಬೇಡವೋ? ಅದೂ ದೊರೆಯ ಕಿವಿಗೆ ಬೀಳುವಂತೆ ಕೇಳಬೇಕು. ಅದಕ್ಕಾಗಿ ಅವರನ್ನು ಬೇವಿನ ಮರದ ಎತ್ತರಕ್ಕೆ ಇಳಿಸಿ, ಎಲ್ಲ ಕೇರಿಯವರೂ ತಂತಮ್ಮ ಹಗ್ಗ ಕೈಯಲ್ಲೇ ಹಿಡಿದು ನಿಂತು ವಾದ ಮಾಡುತ್ತಾರೆ. ಬೇಡ ಅನ್ನುವವರೂ ಹಗ್ಗ ಹಿಡಿದೇ ಬೇಡ ಅನ್ನಬೇಕು. ಹಿಂದೆಲ್ಲ ಕೊನೆಗೆ ಹಿರಿಯರು “ಏನಂತೀರಿ?” ಎಂದು ಕೂಗುವುದು, ಜನ “ಹೂಂ” ಅನ್ನುವುದು, ಗೂಟ ಹೊಡೆಯುವುದು. ಈ ಸಲ ಹಗ್ಗ ಸಮಿತಿಯ ಅಧ್ಯಕ್ಷ ಪಂಪಣ್ಣನವರು ಪದ್ಧತಿ ಬದಲಿಸಿದರು.

“ಹೂಂಗುಟ್ಟೋದಕ್ಕೆ ನಾವೇನು ಕಥೆ ಕೇಳೋ ಮಕ್ಕಳೇನ್ರೀ?” ಎಂದರು ಪಂಪಣ್ಣ, ಪುರಭವನದ ಸಭೆಯಲ್ಲಿ. “ನಮ್ಮದು ಆಧುನಿಕ ದೇಶ. ಟೀವಿಯವರು ಬರ್ತಾರೆ. ಈ ಸಲ ಶಿಸ್ತಾಗಿ ಕೈ ಎತ್ತಿ ಮತ ಹಾಕೋಣ.” ಯಾರೂ ಅಡ್ಡ ಮಾತಾಡಲಿಲ್ಲ. ನಾನಂತೂ ಎದ್ದು ನಿಂತು ಅನುಮೋದಿಸಿದೆ. ಕೈ ಎತ್ತುವ ಮತ ನಮ್ಮ ಬಳಗದ ಹಳೆಯ ಬೇಡಿಕೆ.

ಆ ವಾರ ಬಳಗದಲ್ಲಿ ಕೇತಮ್ಮ ನನ್ನ ಹೊಸ ಕರಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದ್ರಾಗೆ ನೆಲದ ಮಾತೇ ಇಲ್ವಲ್ಲ?”

“ಮೊದಲು ದೊರೆ ಹೋಗಲಿ ಕೇತಮ್ಮ. ಆಮೇಲೆ ನೆಲದ ಮಾತು ತಾನಾಗೇ ಬರ್ತದೆ.”

“ತಾನಾಗೇ ಬರಾಕೆ ಅದೇನು ಬಸ್ಸಾ ಪಾರಕ್ಕ? ನೀವು ದೊರೆನ ಕಳ್ಸಿ, ಆ ಮಾಳದಾಗೆ ಒಂದು ಗ್ರಂಥಾಲಯ ಕಟ್ತೀರಿ. ಆಗ ಅದ್ರ ಗೋಡೆಗೆ ನಾವು ಕಲ್ಲು ಒರಗಿಸ್ಕಂಡು ಕುಂತ್ಕಬೇಕಾ?”

ಗ್ರಂಥಾಲಯದ ನಕ್ಷೆ ನಿಜವಾಗಿಯೂ ನನ್ನ ಕಂಪ್ಯೂಟರಿನಲ್ಲಿತ್ತು. ನಾನು ಎಲ್ಲರಿಗೂ ಟೀ ಹೇಳಿದೆ.

ಪಂಪಣ್ಣನವರಿಗೂ ಮಾಳದವರ ನೆನಪು ಬಂದಿತ್ತು, ಟೀವಿಯವರು ಕೇಳಿಯಾರೆಂದು. ಹೊಸ ಕೆಂಪು ಹಗ್ಗ, ಒಂದು ಹಾರ, ಒಂದು ಶಾಲು ಹಿಡಿದು ಕೇರಿಗೆ ಹೋದರು. “ನಿಮಗೂ ಒಂದು ಹಗ್ಗ ಕೊಡ್ತಿದೀವಿ ತಾಯಿ. ಇನ್ನು ನೀವೂ ನಮ್ಮ ಹಾಗೇ.” ಕೇತಮ್ಮ ಹಗ್ಗವನ್ನು ಜಗ್ಗಿ ನೋಡಿ, ಗಟ್ಟಿಯಿದೆಯೆಂದು ಒಪ್ಪಿಕೊಂಡಳು. “ಇದ್ನ ಕಟ್ಟಾಕೆ ಗೂಟ ಎಲ್ಲಿ ಹೊಡೀತೀರಿ ಸಾಮಿ?” “ಮಾಳದಲ್ಲೇ, ಇನ್ನೆಲ್ಲಿ?” “ಅಂದ್ರೆ ನಮ್ಮೋರ ಎದೆ ಮ್ಯಾಲೆ ಇನ್ನೊಂದು ಗೂಟ. ಅದ್ಕೆ ಶಾಲು ಬ್ಯಾರೆ.” ಹಗ್ಗವನ್ನು ವಾಪಸು ಕೊಟ್ಟಳು. ಶಾಲನ್ನು ಆಟೋದ ಗಾಜು ಒರೆಸಲು ಇಟ್ಟುಕೊಂಡಳು.

ವಾದದ ದಿನ ಮಾಳದಲ್ಲಿ ಚುರುಮುರಿ ಗಾಡಿಗಳು, ಟೀವಿಯವರ ವ್ಯಾನುಗಳು, ಹೊಸ ಸೀರೆಗಳು. ಮುಂಜಾನೆಯೇ ಗೂಟಗಳನ್ನು ಕಿತ್ತು ರಾಶಿ ಹಾಕಿದ್ದರು. ಅವು ಇದ್ದ ಕಡೆಯೆಲ್ಲ ಗುಳಿಗಳು ಬಾಯಿ ತೆರೆದಿದ್ದವು. ಹಗ್ಗವಿಲ್ಲದ ಮಾಳದವರು ಬೇಲಿಯ ಆಚೆ ನಿಂತಿದ್ದರು. ಕೇತಮ್ಮ ಆಟೋದ ಮೇಲೆ ಕೂತು ಆ ಗುಳಿಗಳನ್ನೇ ನೋಡುತ್ತಿದ್ದಳು. ಮುದ್ದುರಾಜರು ಮರದ ಎತ್ತರಕ್ಕೆ ಇಳಿದು ಬಂದು ಎಲ್ಲರಿಗೂ ಕೈಮುಗಿದರು. ಅಷ್ಟು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು. ಜರಿಯ ಚಪ್ಪಲಿಯ ಅಟ್ಟೆ ಒಂದು ಚೂರೂ ಸವೆದಿರಲಿಲ್ಲ.

ಪಂಪಣ್ಣ ಶುರು ಮಾಡಿದರು. “ದೊರೆ ಯಾವ ಕೇರಿಯವರೂ ಅಲ್ಲ, ಅದಕ್ಕೇ ಎಲ್ಲ ಕೇರಿಯವರು. ಅವರನ್ನ ತೆಗೆದುಬಿಡಿ, ನಾಳೆ ನಮ್ಮಲ್ಲಿ ಯಾರು ಯಾರ ತಲೆ ಮೇಲೆ ಕೂರಬೇಕು ಅಂತ ಬಡಿದಾಡ್ತೀವಿ.” ನಾನು ಹಗ್ಗ ಹಿಡಿದೇ ಕೂಗಿದೆ: “ಯಾರ ತಲೆ ಮೇಲೂ ಯಾರೂ ಕೂರಬೇಕಾಗಿಲ್ಲ ಪಂಪಣ್ಣನೋರೆ. ಕೆಳಗೆ ಕುರ್ಚಿಗಳಿವೆ.” ನಮ್ಮ ಹುಡುಗರು ಶಿಳ್ಳೆ ಹೊಡೆದರು. ಮೇಲಿನಿಂದ ದೊರೆಯೂ ತಲೆಯಾಡಿಸಿದಂತೆ ಕಂಡಿತು.

ಆಗ ಪಕ್ಕದ ಹಸಿರು ಹಗ್ಗದಿಂದ ಖತೀಜಾಬಿ ಮಾತು ತೆಗೆದರು. ಕಲಾಯಿ ಕೇರಿಗೆ ಹಿರಿಯರು ಅವರು. ವಯಸ್ಸಾಗಿದ್ದರೂ ಹಂಡೆ ಉಜ್ಜಿ ಉಜ್ಜಿ ತೋಳು ಒನಕೆಯಂತಿದೆ. “ನಿನಗೇನಮ್ಮ ಪಾರ್ವತಿ, ನಿಮ್ಮ ಹಗ್ಗ ರೇಷ್ಮೇದು. ಬಿಟ್ಟರೂ ನೀನು ಈ ಊರಿನವಳೇ. ನಮ್ಮ ತಾತ ಇದಕ್ಕೆ ಎಷ್ಟು ವರ್ಷ ಅರ್ಜಿ ಹಿಡ್ಕೊಂಡು ಅಲೆದ್ರು ಗೊತ್ತಾ? ‘ನೀವು ಎಲ್ಲಿಯವರು?’ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಹಗ್ಗ ತೋರಿಸ್ತೀನಿ. ಇದು ಹೋದ್ರೆ ನಾನೇನು ತೋರಿಸಲಿ?”

ಅದಕ್ಕೆ ಉತ್ತರ ಪುಸ್ತಕಗಳಲ್ಲಿ ಇತ್ತೇನೋ, ಆದರೆ ಎರಡೂ ಕೈ ಹಗ್ಗದಲ್ಲಿದ್ದವು. ಬೇಲಿಯ ಆಚೆಯಿಂದ ಕೇತಮ್ಮ ಕೂಗಿದಳು: “ನೀವಿಬ್ರೂ ಮ್ಯಾಲೆ ನೋಡ್ಕಂಡೇ ಮಾತಾಡ್ತಿದ್ದೀರಲ್ಲ, ವಸಿ ಕೆಳಕ್ಕೆ ನೋಡಿ. ಯಾರ ಮ್ಯಾಲೆ ನಿಂತಿದ್ದೀರಿ? ನಂಗೆ ನಿಮ್ ಹಗ್ಗನೂ ಬ್ಯಾಡ, ನಿಮ್ ದೊರೆ ಬಿಡೋದೂ ಬ್ಯಾಡ. ನಮ್ಮವ್ವ ಸತ್ತು ಇಷ್ಟು ದಿನಾದ್ರೂ ನಿಂತೇ ಅವ್ಳೆ. ಅವಳು ಕುಂತ್ಕಬೇಕು.”

“ಅದು ಕಾರ್ಯಸೂಚಿಯಲ್ಲಿ ಇಲ್ಲ,” ಎಂದರು ಪಂಪಣ್ಣ. ಗಂಟಲು ಸರಿಮಾಡಿಕೊಂಡು, ಟೀವಿಯವರ ಕಡೆ ತಿರುಗಿ, ಘೋಷಿಸಿದರು: “ದೊರೆ ಬೇಕು ಅನ್ನುವವರೆಲ್ಲ ಕೈ ಎತ್ತಿ.”

ಅಷ್ಟು ನಿಷ್ಠೆಯಿಂದ ಕೈಗಳು ಮೇಲೆದ್ದದ್ದನ್ನು ನಾನು ಎಂದೂ ಕಂಡಿಲ್ಲ. ಒಂದು ಕೈ ಎತ್ತಿದರೆ ಸಾಕಿತ್ತು. ಆದರೆ ಕುಂಬಾರರು ಎರಡೂ ಎತ್ತಿದರೆಂದು ಗಾಣದವರು ಎರಡೂ ಎತ್ತಿದರು, ಗಾಣದವರಿಗಿಂತ ತಾವೇನು ಕಡಿಮೆ ಎಂದು ದೋಣಿಯವರು ಎರಡೂ ಎತ್ತಿ ಹಾರಿದರು. ಎಲ್ಲರಿಗಿಂತ ಎತ್ತರದಲ್ಲಿದ್ದದ್ದು ಪಂಪಣ್ಣನವರ ಕೈಗಳು. ಇಡೀ ಊರು ದೊರೆ ಬೇಕು ಅನ್ನುತ್ತ ದೊರೆಯನ್ನು ಬಿಟ್ಟುಬಿಟ್ಟಿತು. ಏನು ಬಂದರೂ ಕೈ ಎತ್ತುವುದಿಲ್ಲ ಎಂದು ಪಣ ತೊಟ್ಟಿದ್ದ ನಾನೂ ಬಳಗದ ಹುಡುಗರೂ ಮಾತ್ರ ಹಲ್ಲು ಕಚ್ಚಿ ಹಗ್ಗ ಬಿಗಿಹಿಡಿದಿದ್ದೆವು. ನನ್ನ ಚಪ್ಪಲಿ ಕೆಳಗೆ ಉಳಿಯಿತು, ನಾನು ಮೇಲೆ ಹೋದೆ.

ಸೀರೆಗೆ ಗಾಳಿ ತುಂಬಿಕೊಂಡಿತು. ಬೇವಿನ ಮರದ ತುದಿ ಪಾದಕ್ಕೆ ಕಚಗುಳಿಯಿಟ್ಟಿತು. ಗಿರಣಿಯ ಹೆಂಚು, ಯಾರದೋ ಮಾಳಿಗೆಯ ಮೇಲಿನ ಹಪ್ಪಳ, ತಲೆ ತೊಳೆದು ಕೂದಲು ಒಣಗಿಸುತ್ತಿದ್ದ ಮುದುಕಿ, ಎಲ್ಲ ನನ್ನ ಕಾಲಡಿ ಓಡಿದವು. ಹೆದರಿಕೆಯಾಗಬೇಕಿತ್ತು, ನಗು ಬಂತು. ಎಲ್ಲರಂತೆ ಎರಡೂ ಕೈ ಎತ್ತದಿದ್ದ ಖತೀಜಾಬಿಯೂ ಪಕ್ಕದಲ್ಲಿ ಹಸಿರು ಹಗ್ಗಕ್ಕೆ ಒಂದೇ ಕೈಯಲ್ಲಿ ಜೋತಾಡುತ್ತಿದ್ದರು. ಇನ್ನೊಂದು ಕೈ ಇನ್ನೂ ಮತಕ್ಕಾಗಿ ಮೇಲೆತ್ತಿಯೇ ಇತ್ತು.

“ಅದನ್ನೂ ಹಿಡ್ಕೊಳ್ಳಿ ಬೀ, ಮತ ಆಯ್ತು,” ಎಂದೆ.

“ಎಣಿಸಿದ್ರಾ?” ಎಂದು ಕೇಳಿಕೊಂಡೇ ಹಿಡಿದರು.

ಮೇಲಿನಿಂದ ಮುದ್ದುರಾಜರು ಬಗ್ಗಿ ನೋಡಿದರು. “ಪಾರ್ವತಮ್ಮ ತಾನೇ? ನಿಮ್ಮ ಕರಪತ್ರ ಗಾಳಿಗೆ ನನ್ನವರೆಗೂ ಬಂದಿತ್ತು. ‘ಹಗ್ಗ ಬಿಡಿ.’ ವಾದ ಗಟ್ಟಿಯಾಗಿದೆ.”

“ಈಗ ಆ ಮಾತು ಬೇಡ ಸಾರ್,” ಎಂದೆ.

“ಬಿಟ್ಟರೆ ನೀವು ಬೀಳುತ್ತೀರಿ, ಬಿಡದಿದ್ದರೆ ನಾನು ಎಲ್ಲಿಗೋ ಹೋಗುತ್ತೇನೆ. ಇಷ್ಟು ವರ್ಷ ಮೋಡಗಳು ಓಡುತ್ತಿದ್ದವು, ಈಗ ನಾನು.” ಅವರ ಕನ್ನಡಕ ಜಾರಿ ಬಿತ್ತು. ಅದನ್ನು ನೋಡಿ ಅವರೂ ನಕ್ಕರು. ಆಕಾಶದಲ್ಲಿ ನಾವೆಲ್ಲ ನಗುತ್ತ ನೇತಾಡುತ್ತಿದ್ದೆವು, ಕೆಳಗೆ ಊರೆಲ್ಲ ಅಳುತ್ತ ನಮ್ಮ ಹಿಂದೆ ಕೆರೆಯ ಕಡೆ ಓಡುತ್ತಿತ್ತು.

ಖತೀಜಾಬಿಯೇ ಮೊದಲು ಕಂಡದ್ದು. “ಪಾರ್ವತಿ, ಮಾಳ ನೋಡು.” ಮಾಳ ಖಾಲಿಯಾಗಿತ್ತು. ಊರವರು ಒಬ್ಬರೂ ಇರಲಿಲ್ಲ. ಬೇಲಿ ದಾಟಿ ಕೇತಮ್ಮನ ಆಟೋ ಹಿಂದೆ ಹಿಂದೆ ಬಂದು ಒಂದು ಗುಳಿಯ ಬಾಯಿಗೆ ನಿಂತಿತು. ಕೇರಿಯಿಂದ ಜನ ಕಲ್ಲುಗಳನ್ನು ಹೊತ್ತು ತರುತ್ತಿದ್ದರು. ಆ ಎತ್ತರದಿಂದ ಅವರು ಪುಟ್ಟ ಪುಟ್ಟದಾಗಿ ಕಾಣುತ್ತಿದ್ದರು, ಕಲ್ಲುಗಳು ಮಾತ್ರ ದೊಡ್ಡದಾಗಿ. ಅಷ್ಟು ಕಲ್ಲುಗಳಿದ್ದವೆಂದು ನನಗೆ ಗೊತ್ತಿರಲಿಲ್ಲ. ಎಷ್ಟೋ ಸಲ ಅದೇ ಗೋಡೆಗೆ ಕರಪತ್ರ ಅಂಟಿಸಿ ಬಂದಿದ್ದೆ. ಕೇತಮ್ಮ ತಾಯಿಯ ಕಲ್ಲನ್ನು ಒಬ್ಬಳೇ ಅಪ್ಪಿಕೊಂಡು ಇಳಿಸಿದಳು.

ಕೆರೆಯ ಗಾಳಿ ತಿರುಗಿ ನಮ್ಮನ್ನು ಊರ ಮೇಲಕ್ಕೇ ತಳ್ಳಿತು. ನಮ್ಮ ಭಾರಕ್ಕೆ ದೊರೆಯೂ ಅಷ್ಟಿಷ್ಟು ತಗ್ಗಿದ್ದರು. ಉಳಿದ ಹಗ್ಗಗಳ ತುದಿಗಳು ಮಾಳದ ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದವು. “ಕೇತಮ್ಮಾ, ತುದಿ ಹಿಡಿ,” ಎಂದು ಕೂಗಿದೆ.

ಅವಳು ತಲೆಯೆತ್ತಲಿಲ್ಲ. “ಇರಿ ಪಾರಕ್ಕ. ಮಣ್ಣು ತುಳೀತಾ ಇವ್ನಿ.”

ತುಳಿದು ಮುಗಿಸಿದಳು. ಕಲ್ಲಿನ ನೆತ್ತಿ ಸವರಿದಳು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದು, ನೀಲಿ ನೈಲಾನಿನ ತುದಿ ಹಿಡಿದಳು. ಮಾಳದವರೆಲ್ಲ ಸೇರಿ ಎಳೆದರು. ಮೊದಲು ಹುಡುಗರು ಇಳಿದರು, ಆಮೇಲೆ ಖತೀಜಾಬಿ, ನಾನು. ನೆಲ ಮುಟ್ಟಿದ ಮೇಲೂ ನನ್ನ ಕಾಲು ಸ್ವಲ್ಪ ಹೊತ್ತು ಹಾರುತ್ತಲೇ ಇತ್ತು. ದೊರೆ ಆಳೆತ್ತರದಲ್ಲಿ ತೇಲುತ್ತ ಉಳಿದರು.

ಅಷ್ಟರಲ್ಲಿ ಊರು ಏದುಸಿರು ಬಿಡುತ್ತ ವಾಪಸಾಯಿತು. ಪಂಪಣ್ಣನವರ ಒಂದು ಕೈ ಎದೆಯ ಮೇಲಿತ್ತು. “ತರ್ರಪ್ಪಾ ಹೊಸ ಗೂಟ. ಬೇಗ ಹೊಡೀರಿ.” ಗೂಟ ತಂದವರು ಗುಳಿಗಳನ್ನು ಹುಡುಕಿದರು. ಎಲ್ಲ ಗುಳಿಗಳಲ್ಲೂ ಕಲ್ಲುಗಳು ಕೂತಿದ್ದವು. ಕೀಳಲು ಕೈ ಹಾಕಿದವನೊಬ್ಬ ಮಾಳದವರ ಮುಖ ನೋಡಿ ಕೈ ಹಿಂದೆಗೆದ.

ಪಂಪಣ್ಣ ಬುದ್ಧಿವಂತರು. ಕಲ್ಲುಗಳ ಸುತ್ತ ಒಂದು ಸುತ್ತು ಬಂದರು, ಮುಖ ಅರಳಿತು. “ಸರಿಯೇ ಆಯಿತಲ್ಲ. ಗೂಟ ಗೆದ್ದಲು ಹಿಡಿದು ಲಡ್ಡಾಗ್ತದೆ, ಕಲ್ಲು ಆಗಲ್ಲ. ಈ ಕಲ್ಲುಗಳಿಗೇ ಹಗ್ಗ ಕಟ್ಟೋಣ. ಇನ್ನು ಮೇಲೆ ನಿಮ್ಮ ಹಿರಿಯರೇ ನಮ್ಮ ದೊರೆಗೆ ಆಧಾರ. ಪುರಭವನದ ಮೇಲೆ ಕೆತ್ತಿಸ್ತೀನಿ ತಾಯಿ.” ಜನ ತಲೆದೂಗಿದರು. ಟೀವಿಯವನೊಬ್ಬನಿಗೆ ಕಣ್ಣೀರು ಬಂತು.

ಕೇತಮ್ಮ ತಾಯಿಯ ಕಲ್ಲಿನ ಮುಂದೆ ಬಂದು ನಿಂತಳು. “ಈಗಷ್ಟೇ ಕುಂತವ್ಳೆ ನಮ್ಮವ್ವ. ಅವಳ ಕುತ್ತಿಗೆಗೆ ನಿಮ್ ದೊರೆನ ಕಟ್ತೀರಾ?”

“ಮತ ಆಗಿದೆಯಮ್ಮ. ಇಡೀ ಊರು ಕೈ ಎತ್ತಿದೆ.”

“ಕಂಡ್ನಲ್ಲ,” ಎಂದಳು ಕೇತಮ್ಮ, “ಎತ್ತಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು?” ಬಳಗದ ಹುಡುಗರ ಜೊತೆ ಕುಂಬಾರರೂ ನಕ್ಕರು. ನಗದಿದ್ದವಳು ಅವಳೊಬ್ಬಳೇ. ಹಿಂದೆ ಮಾಳದವರೂ ಹಿಡಿದಿದ್ದ ಹಗ್ಗದ ತುದಿ ಇನ್ನೂ ಅವಳ ಮುಷ್ಟಿಯಲ್ಲಿತ್ತು. ತಲೆಯೆತ್ತಿ ನೇರ ದೊರೆಯನ್ನೇ ಕೇಳಿದಳು. “ಸಾಮಿ, ನಂಗೆ ಕೈ ನೋಯ್ತದೆ. ಹೋಗ್ತೀರೋ, ಇಳೀತೀರೋ?”

ಮುದ್ದುರಾಜರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು, ಆಮೇಲೆ ಕೆಳಗಿನ ಹುಲ್ಲನ್ನು ನೋಡಿದರು. “ಇಳಿಯಬಹುದೇನಮ್ಮ? ನಿಮ್ಮ ನೆಲ.”

ಪಂಪಣ್ಣ “ಪ್ರಭು, ಪ್ರಭು,” ಅಂದರು. ಈ ಪ್ರಶ್ನೆ ಕೇಳಬೇಕೆಂದು ನಾನು ಇಷ್ಟು ವರ್ಷ ಬರೆಯಲಿಲ್ಲವಲ್ಲ ಅನಿಸಿತು. ‘ಹೋಗಿ’ ಎಂದು ಬರೆದಿದ್ದೆ, ‘ಕೇಳಿ’ ಎಂದು ಬರೆದಿರಲಿಲ್ಲ.

“ಇಲ್ಲಿ ಚಪ್ಪಲಿ ಹಾಕ್ಕಂಡು ಬರಾಂಗಿಲ್ಲ,” ಎಂದಳು ಕೇತಮ್ಮ. “ಅದ್ನ ಬಿಟ್ಟು, ತಲೆ ಮ್ಯಾಲಿಂದೂ ಬಿಟ್ಟು, ಇಳೀರಿ.”

ಜರಿಯ ಚಪ್ಪಲಿಗಳು ಒಂದಾದ ಮೇಲೊಂದು ಬಿದ್ದವು. ಆಮೇಲೆ ಅವರು ಎರಡೂ ಕೈಯಿಂದ ಕಿರೀಟವನ್ನು ಎತ್ತಿದರು. ಕೂದಲಿಗೆ ಅಂಟಿಕೊಂಡಿತ್ತು, ಬಿಡಿಸಿಕೊಳ್ಳುವಾಗ ನೋವಾಗಿ “ಅಮ್ಮಾ” ಎಂದರು. ಕಿರೀಟ ಕೈ ಬಿಟ್ಟದ್ದೇ ಸರ್ರನೆ ಮೇಲಕ್ಕೆ ಹೋಯಿತು, ಹಿಡಿಯಲು ಹಾರಿದ ಪಂಪಣ್ಣನ ಬೆರಳಿಗೂ ಸಿಗದೆ. ದೊರೆ ಧೊಪ್ಪೆಂದು ಹುಲ್ಲಿನ ಮೇಲೆ ಬಿದ್ದರು. ಊರೆಲ್ಲ ಕತ್ತು ನೋಯುವಷ್ಟು ಹೊತ್ತು ಆ ಹೊಳೆಯುವ ಚುಕ್ಕೆಯನ್ನೇ ನೋಡುತ್ತ ನಿಂತಿತು.

ಮಾಳದವರು ನೋಡಲಿಲ್ಲ. ಕೇರಿಯ ಗೋಡೆಯಲ್ಲಿ ಇನ್ನೂ ಕಲ್ಲುಗಳಿದ್ದವು, ಗುಳಿಗಳು ಮುಗಿದಿದ್ದವು. ಕೇತಮ್ಮ ಹಾರೆ ತಂದಳು. “ಇಲ್ಲಿ ಅಗೆಯೋ ಹಾಗಿಲ್ಲ, ಕಾನೂನಿದೆ,” ಎಂದರು ಪಂಪಣ್ಣ, ಅಭ್ಯಾಸದಿಂದ. “ಗೂಟ ಸಡಿಲಾಗ್ತದೆ.” ಅಂದ ಮೇಲೆ ಅವರೇ ಸುತ್ತ ಮುತ್ತ ನೋಡಿದರು, ನೆಲದಲ್ಲಿ ಒಂದು ಗೂಟವೂ ಇರಲಿಲ್ಲ.

ಖತೀಜಾಬಿ ತಮ್ಮ ಹಸಿರು ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಬಂದರು. “ಕೇತಮ್ಮ, ಆ ದೊಡ್ಡ ಕಲ್ಲು ನಿಮ್ಮ ಕೈಯಲ್ಲಿ ಎತ್ತೋಕಾಗಲ್ಲ. ಹಗ್ಗ ಬೇಕಾಗ್ತದೆ. ನಾವು ಎಳೀಬಹುದಾ?” ಕೇತಮ್ಮ ಅವರನ್ನು ಒಂದು ಗಳಿಗೆ ನೋಡಿ, ಸರಿಯೆಂದು ಜಾಗ ಬಿಟ್ಟಳು. ನಾನೂ ಕೈ ಹಾಕಿದೆ.

ಮುದ್ದುರಾಜರು ಎದ್ದು ನಿಂತಿದ್ದರು. ಬರಿಗಾಲಿಗೆ ಹುಲ್ಲು ತಾಗುವುದನ್ನು ನೋಡಿಕೊಂಡು ಎಳೆಮಗುವಿನ ಹಾಗೆ ನಗುತ್ತಿದ್ದರು. ಕೇತಮ್ಮ ಹಾರೆ ಹಿಡಿದು ಅವರ ಹತ್ತಿರ ಬಂದಳು.

“ವಸಿ ಪಕ್ಕಕ್ಕೆ ಸರ್ಕಳಿ ಸಾಮಿ. ನೀವು ನಿಂತಿರೋದು ನಮ್ಮ ದೊಡ್ಡಪ್ಪನ ಜಾಗ.”

ಮುದ್ದುರಾಜರು ಒಂದು ಹೆಜ್ಜೆ ಸರಿದರು.

“ಸಾಲ್ದು,” ಎಂದಳು.

ಇನ್ನೂ ಒಂದು ಹೆಜ್ಜೆ ಸರಿದರು.